ನೀರು ನಿಲ್ಲದ ಕಂಬಳಿ

ಮೂವತ್ತೊಂದು ವರ್ಷ ನಾನು ಮಾಡಿದ ಕೆಲಸವನ್ನು ಎರಡು ಮಾತಿನಲ್ಲಿ ಹೇಳಿ ಮುಗಿಸಬಹುದು. ಬೇರೆಯವರು ಕೈಯಾರೆ ಮಾಡಿದ ವಸ್ತುವನ್ನು ಹಿಂದೆ ಮುಂದೆ ತಿರುಗಿಸಿ ನೋಡುವುದು. ಸರಿ ಇದೆ ಅಥವಾ ಸರಿ ಇಲ್ಲ ಎಂದು ಬರೆಯುವುದು. ಆ ವಸ್ತುಗಳಲ್ಲಿ ಒಂದನ್ನಾದರೂ ಮಾಡುವುದಕ್ಕೆ ನನಗೆ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಹರಿದ ದಿಂಬಿಗೆ ನಾಲ್ಕು ಹೊಲಿಗೆ ಹಾಕಿದರೆ ನಾಲ್ಕೂ ನಾಲ್ಕು ದಿಕ್ಕಿಗೆ ಹೋಗುತ್ತವೆ. ಆದರೂ ನನ್ನ ಹುದ್ದೆಯ ಹೆಸರು ಗುಣಮಟ್ಟ ಪರೀಕ್ಷಕಿ.

ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಕಚೇರಿಯವರು ಒಂದು ಕೈಪಿಡಿ ಕೊಡುತ್ತಾರೆ. ಅಳತೆ, ತೂಕ, ಬಣ್ಣ, ಪ್ಯಾಕಿಂಗ್ ಎಲ್ಲ ಅದರಲ್ಲಿದೆ. ಅದರಲ್ಲಿ ಇಲ್ಲದ್ದನ್ನು ಮಾತ್ರ ನಾನಿಲ್ಲಿ ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಬಂತು, ಬೀಳ್ಕೊಡುಗೆಯಲ್ಲಿ ಯಾರು ಹಾರ ಹಾಕಿದರು ಎನ್ನುವುದು ಯಾರಿಗೂ ಬೇಡ. ಮಾಡಿದ ತಪ್ಪುಗಳು ಮುಂದಿನವರಿಗೆ ಬೇಕಾಗಬಹುದು. ಅವು ಬೇಗ ಹಾಳಾಗುವ ಸರಕಲ್ಲ.

ತೊಂಬತ್ತರ ದಶಕ ಶುರುವಾದಾಗ ನನ್ನನ್ನು ಅರಸೀಕೆರೆಗೆ ಹಾಕಿದರು. ಕುಶಲಕರ್ಮಿಗಳಿಂದ ಸಾಮಾನು ಕೊಂಡು ದೊಡ್ಡ ಊರುಗಳ ಮಳಿಗೆಗೆ ಕಳಿಸುವುದು ನಮ್ಮ ಕಚೇರಿಯ ಕೆಲಸ. ಕಚೇರಿ ಎಂದರೆ ಕೊಬ್ಬರಿ ಗೋದಾಮಿನ ಹಿಂದಿದ್ದ ಎರಡು ಕೋಣೆ. ನಮ್ಮ ಕಡತಗಳಿಗೆ, ಕುರ್ಚಿಗೆ, ಕೊನೆಗೆ ನನ್ನ ಸೀರೆಗೂ ಕೊಬ್ಬರಿ ವಾಸನೆ ಅಂಟಿಕೊಂಡಿತ್ತು. ಅಲ್ಲಿಂದ ಬೇಲೂರು, ಹಳೇಬೀಡು, ಬಾಣಾವರದ ಸುತ್ತಲಿನ ಹಳ್ಳಿಗಳಿಗೆ ಬಸ್ಸಿನಲ್ಲಿ ಓಡಾಟ. ಬಸ್ಸು ಸಿಗದಿದ್ದರೆ ಕಾಯಿ ತುಂಬಿದ ಲಾರಿಯ ಮುಂದಿನ ಸೀಟು.

ನಮ್ಮ ಮೇಲಧಿಕಾರಿಗಳ ಜೇಬಿನಲ್ಲಿ ಯಾವಾಗಲೂ ಒಂದು ಅಳತೆ ಟೇಪು ಇರುತ್ತಿತ್ತು. ಹಾಗಾಗಿ ಬೆನ್ನ ಹಿಂದೆ ಎಲ್ಲರೂ ಅವರನ್ನು ಟೇಪು ಸಾಹೇಬರು ಎನ್ನುತ್ತಿದ್ದರು. ಕೆಟ್ಟವರಲ್ಲ. ಒಂದು ಬೀಡಿಯ ಲಂಚ ಮುಟ್ಟಿದವರಲ್ಲ. ಮೊದಲ ದಿನವೇ ನನ್ನನ್ನು ಎದುರಿಗೆ ಕೂರಿಸಿಕೊಂಡು, "ನೋಡಮ್ಮ, ಸಾಮಾನು ಮಾಡೋನು ನಿನ್ನ ಮುಂದೆ ಅಳ್ತಾನೆ. ಟೇಪು ಅಳೋದಿಲ್ಲ. ಯಾವುದನ್ನ ನಂಬಬೇಕು ಅಂತ ಈಗಲೇ ತೀರ್ಮಾನ ಮಾಡ್ಕೋ" ಎಂದರು. ನಾನು ಇಪ್ಪತ್ತೇಳರ ಹುಡುಗಿ, ಟೇಪನ್ನೇ ನಂಬಿದೆ.

ನನ್ನ ಮೊದಲ ಎಡವಟ್ಟು ಹಳೇಬೀಡಿನಲ್ಲಿ ಆಯಿತು. ಬಸ್ತಿಹಳ್ಳಿಗೆ ಹೋಗುವ ದಾರಿಯಲ್ಲಿ ಮಂಜಾಚಾರ್ ಎಂಬ ಶಿಲ್ಪಿಯ ಚಪ್ಪರ. ಬಳಪದ ಕಲ್ಲಿನಲ್ಲಿ ಗೇಣುದ್ದದ ದೇವರ ಮೂರ್ತಿಗಳನ್ನು ಕಡೆಯುತ್ತಿದ್ದರು. ಒಂದು ಡಜನ್ ಗಣಪತಿ ಆರ್ಡರ್ ಕೊಟ್ಟಿದ್ದೆವು. ಹೋಗಿ ನೋಡಿದೆ. ಸೊಂಡಿಲು, ಹೊಟ್ಟೆ, ಇಲಿ, ಕೈಯಲ್ಲಿನ ಮೋದಕ ಎಲ್ಲ ಕಣ್ಣಿಗೆ ಕಟ್ಟುವಂತಿದ್ದವು. ಕಣ್ಣುಗಳು ಮಾತ್ರ ಉಬ್ಬಿದ ಗುಡ್ಡೆಗಳು. ಅವುಗಳೊಳಗೆ ಪಾಪೆಯ ಗೆರೆ ಇರಲಿಲ್ಲ. ಹನ್ನೆರಡಕ್ಕೂ 'ಅಪೂರ್ಣ' ಎಂದು ಬರೆದು, ಕೆಲಸಗಳ್ಳತನ ಎಂದೂ ಒಂದು ಷರಾ ಸೇರಿಸಿದೆ.

ಮಂಜಾಚಾರ್ ಉಳಿ ಕೆಳಗಿಟ್ಟು ನನ್ನನ್ನೇ ನೋಡಿದರು. "ಅಮ್ಮಾ, ಇವೆಲ್ಲ ಎಲ್ಲಿಗೆ ಹೋಗ್ತವೆ?" ಎಂದು ಕೇಳಿದರು.

"ಅಂಗಡಿಗೆ. ಷೋಕೇಸಿಗೆ."

"ಅದಕ್ಕೇ ಕಣ್ಣು ಬಿಡಿಸಿಲ್ಲ. ಕಣ್ಣು ಬಿಡಿಸಿದ ಮೇಲೆ ದೇವರಿಗೆ ಹೊತ್ತು ಹೊತ್ತಿಗೆ ದೀಪ ಬೇಕು, ನೈವೇದ್ಯ ಬೇಕು. ನಿಮ್ಮ ಅಂಗಡಿಯೋರು ಇಡ್ತಾರೇನಮ್ಮ? ಇಡ್ತಾರೆ ಅಂದ್ರೆ ಹೇಳಿ, ಈಗಲೇ ಗೆರೆ ಎಳೆದುಕೊಡ್ತೀನಿ."

ಚಪ್ಪರದಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಬರೆದಿದ್ದನ್ನು ಹೊಡೆದುಹಾಕಿದೆ. ಆ ತಪ್ಪು ಅಲ್ಲಿಗೇ ಮುಗಿಯಿತು. ಯಾರ ಹೊಟ್ಟೆಯ ಮೇಲೂ ಬರೆ ಬೀಳಲಿಲ್ಲ. ಅದನ್ನು ಎಷ್ಟೋ ಜನರಿಗೆ ತಮಾಷೆಯಾಗಿ ಹೇಳಿಕೊಂಡು ತಿರುಗಿದೆ. ಆದರೆ ಅದರಿಂದ ಪಾಠ ಕಲಿಯಲಿಲ್ಲ. ಕೇಳಿ ಬರೆಯಬೇಕು, ಬರೆದು ಕೇಳಬಾರದು ಎನ್ನುವ ಸಣ್ಣ ವಿಷಯ ಅಂದೇ ತಲೆಗೆ ಹೋಗಿದ್ದರೆ ಮುಂದಿನದನ್ನು ಬರೆಯುವ ಅಗತ್ಯ ಬೀಳುತ್ತಿರಲಿಲ್ಲ.

ಬಾಣಾವರದಿಂದ ಎರಡು ಮೈಲಿ ಒಳಗೆ ಒಂದು ಹಟ್ಟಿ. ಅಲ್ಲಿ ಕಂಬಳಿ ನೇಯುವ ಬೀರಪ್ಪ ಮತ್ತು ಅವನ ಹೆಂಡತಿ ಕೆಂಚಮ್ಮ ಇದ್ದರು. ನಾನು ಮೊದಲು ಹೋದಾಗ ಅವನಿಗೆ ನಲವತ್ತು ದಾಟಿತ್ತು. ಮಿತಭಾಷಿ. ನೆಲದಲ್ಲಿ ತೋಡಿದ ಗುಣಿಯೊಳಗೆ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕೂತನೆಂದರೆ ಎದ್ದು ಬರಲು ಹತ್ತು ಸಲ ಕರೆಯಬೇಕು. ಕೆಂಚಮ್ಮ ಅದಕ್ಕೆ ತದ್ವಿರುದ್ಧ. ಅವಳ ಬಾಯಿ ರಾಟೆಗಿಂತ ಜೋರಾಗಿ ತಿರುಗುತ್ತಿತ್ತು.

ಅವರ ಕೆಲಸವನ್ನು ಸ್ವಲ್ಪ ವಿವರಿಸಬೇಕು. ಹಟ್ಟಿಯ ಕುರಿಗಳಿಂದ ಕತ್ತರಿಸಿದ ಕರಿಯ ಉಣ್ಣೆಯನ್ನು ಕೆಂಚಮ್ಮ ನೂಲುತ್ತಿದ್ದಳು. ಆ ನೂಲನ್ನು ಬೆಳಗಿನ ಎಳೆಬಿಸಿಲಿನಲ್ಲಿ ಬೀದಿಯುದ್ದಕ್ಕೂ ಹಾಸಾಗಿ, ಎಂದರೆ ಮಗ್ಗದ ಉದ್ದದ ಎಳೆಗಳಾಗಿ, ಎಳೆದು ಕಟ್ಟುವುದು. ಹುಣಸೆಬೀಜ ಹುರಿದು, ನೆನೆಸಿ, ಸಿಪ್ಪೆ ತೆಗೆದು, ಒರಳಿನಲ್ಲಿ ರುಬ್ಬಿ ಕುದಿಸಿದ ಗಂಜಿಯನ್ನು ಹುಲ್ಲುಬೇರಿನ ದೊಡ್ಡ ಕುಂಚದಿಂದ ಆ ಹಾಸಿನ ಎಳೆಗಳಿಗೆ ಬಳಿಯುವುದು. ಗಂಡ ಒಂದು ತುದಿಯಿಂದ, ಹೆಂಡತಿ ಇನ್ನೊಂದು ತುದಿಯಿಂದ. ಬಿಸಿಲು ಏರುವುದರೊಳಗೆ ಇಬ್ಬರೂ ನಡುವೆ ಸೇರಬೇಕು. ಒಬ್ಬರು ತಡವಾದರೂ ಅರ್ಧ ಹಾಸು ಒಣಗಿ ಕಡ್ಡಿಯಾಗುತ್ತದೆ. ಇಪ್ಪತ್ತು ವರ್ಷ ಆ ಇಬ್ಬರು ಹಾಗೆ ನಡುಬೀದಿಯಲ್ಲಿ ಸೇರಿದವರು.

ಗಂಜಿ ಕುಡಿದ, ಕುರಿಯ ಜಿಡ್ಡು ಬಿಡದ ಆ ಕಂಬಳಿ ಒರಟಾಗಿರುತ್ತಿತ್ತು. ಮಡಿಸಿದರೆ ಹಲಗೆಯಂತೆ ನಿಲ್ಲುತ್ತಿತ್ತು, ವಾಸನೆಯೂ ಇತ್ತು. ಆದರೆ ಮಳೆಗೆ ಜಗ್ಗುತ್ತಿರಲಿಲ್ಲ. ಕುರಿಮಂದೆ ಹೊಡೆದುಕೊಂಡು ಬೇಲೂರಿನ ಕಡೆಗೆ ತಿಂಗಳುಗಟ್ಟಲೆ ಹೋಗುವವರಿಗೆ ಅದೇ ಕೊಪ್ಪೆ, ಅದೇ ಹಾಸಿಗೆ, ಅದೇ ಗೋಡೆ.

ಬಾಣಾವರದ ಸಂತೆಯಲ್ಲಿ ಕುರಿಗಾಹಿಗಳು ಕಂಬಳಿ ಕೊಳ್ಳುವ ಕ್ರಮವನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾಲ್ಕು ಜನ ನಾಲ್ಕು ಮೂಲೆ ಹಿಡಿದು ನಡುವೆ ತೊಟ್ಟಿಲಿನಂತೆ ತಗ್ಗು ಮಾಡುತ್ತಾರೆ. ಕೊಳ್ಳುವವನು ಅದಕ್ಕೆ ಒಂದು ಚೊಂಬು ನೀರು ಹುಯ್ಯುತ್ತಾನೆ. ಆಮೇಲೆ ಒಂದು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಿಸಿ ಬಾಯಿಗೆ ಹಾಕಿಕೊಂಡು ಅಗಿದು ಉಗಿಯುತ್ತಾನೆ. ಅಷ್ಟರವರೆಗೆ ಯಾರೂ ತುಟಿ ಬಿಚ್ಚುವಂತಿಲ್ಲ. ಮಾರುವವನು ಹೊಗಳುವಂತಿಲ್ಲ, ಕೊಳ್ಳುವವನು ತೆಗಳುವಂತಿಲ್ಲ. ಉಗಿದ ಮೇಲೆ ಬಗ್ಗಿ ಕಂಬಳಿಯ ತಳವನ್ನು ಅಂಗೈಯಿಂದ ಸವರಿ ನೋಡುತ್ತಾರೆ. ಕೈ ಒಣಗಿದ್ದರೆ ವ್ಯಾಪಾರ. ಬೀರಪ್ಪನ ಕಂಬಳಿಯ ತಳ ಸವರಿದವರ ಕೈ ಒದ್ದೆಯಾಗಿದ್ದಿಲ್ಲವೆಂದು ಸಂತೆಯೇ ಹೇಳುತ್ತಿತ್ತು. ಅವನ ತಂದೆಯ ಕಾಲದಿಂದ ಬಂದ ಹೆಸರು ಅದು. ಬೀರಪ್ಪನಿಗೆ ಹೊಲ ಇರಲಿಲ್ಲ, ತೆಂಗು ಇರಲಿಲ್ಲ. ಇದ್ದದ್ದು ಆ ಹೆಸರೊಂದೇ.

ನಮ್ಮ ಮಳಿಗೆಯಿಂದ ದೂರು ಬಂತು. ಗಿರಾಕಿಗಳು ಕಂಬಳಿ ಚುಚ್ಚುತ್ತದೆ ಎನ್ನುತ್ತಾರೆ, ನಾತ ಎನ್ನುತ್ತಾರೆ, ಬಣ್ಣ ಒಂದೇ ಸಮ ಇಲ್ಲ ಎನ್ನುತ್ತಾರೆ. ಟೇಪು ಸಾಹೇಬರು ಕಾಗದವನ್ನು ನನ್ನ ಮುಂದೆ ಎಸೆದು, "ಇದಕ್ಕೊಂದು ದಾರಿ ನೋಡು" ಎಂದರು. ಅಲ್ಲಿಯವರೆಗೆ ಅವರ ಪಾಲು. ದಾರಿ ನೋಡಿದವಳು ನಾನು. ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ, ಏಕೆಂದರೆ ನಿವೃತ್ತರಾದವರು ಬರೆಯುವಾಗ ತಪ್ಪೆಲ್ಲ ಮೇಲಧಿಕಾರಿಯ ತಲೆಗೆ ಕಟ್ಟುವುದು ರೂಢಿ.

ಹಾಸಿನ ಎಳೆಗಳಿಗೆ ಗಿರಣಿಯ ನೂಲು, ಅಡ್ಡ ಹೊಕ್ಕಿಗೆ ಮಾತ್ರ ಕೈನೂಲು. ಗಿರಣಿ ನೂಲು ನುಣುಪಾದ್ದರಿಂದ ಗಂಜಿ ಬೇಕಿಲ್ಲ. ನೇಯ್ದ ಮೇಲೆ ಬಿಸಿನೀರಿಗೆ ಸೋಡಾ, ಸಾಬೂನು ಹಾಕಿ ಜಿಡ್ಡು ಹೋಗುವಂತೆ ಒಗೆಯುವುದು, ಒಣಗಿಸಿ ಬಾಚುವುದು. ಮೂರು ಪುಟದ ಟಿಪ್ಪಣಿ ಬರೆದೆ. ನನಗೇ ಮೆಚ್ಚುಗೆಯಾಗಿ ಎರಡು ಸಲ ಓದಿಕೊಂಡೆ.

ಅದನ್ನು ಹಿಡಿದು ಹಟ್ಟಿಗೆ ಹೋದಾಗ ಬೀರಪ್ಪ ಮಗ್ಗದ ಗುಣಿಯಲ್ಲಿ ಕೂತೇ ಕೇಳಿಸಿಕೊಂಡ. ಮಾತಾಡಿದವಳು ಕೆಂಚಮ್ಮ.

"ಗಂಜಿ ಇಲ್ದೆ ಕಂಬ್ಳಿ ಹೆಂಗಾಯ್ತದೆ ಮೇಡಮ್ಮಾರೆ? ಮಳೆ ಹುಯ್ದ್ರೆ ನೀರು ಒಳಿಕ್ಕೆ ಬತ್ತದಲ್ಲ."

"ಪಟ್ಟಣದಲ್ಲಿ ಯಾರೂ ಇದನ್ನು ಹೊದ್ದು ಮಳೆಯಲ್ಲಿ ನಿಲ್ಲೋದಿಲ್ಲ ಕೆಂಚಮ್ಮ. ಮಂಚದ ಮೇಲೆ ಹಾಕ್ಕೊಳ್ತಾರೆ."

"ಮಂಚದ್ ಮ್ಯಾಕೆ ಹಾಕ್ಕಳೋರ್ಗೆ ಕಂಬ್ಳಿ ಯಾಕೆ? ಕಂಬ್ಳೀಲಿ ಉಣ್ಣೋಕ್ ಕೂತು ಕೂದ್ಲು ಬಂತು ಅಂದಂಗಾಯ್ತು ಇದು."

ಆ ಗಾದೆ ನನಗೆ ನಾಟಿತು. ಸಿಟ್ಟು ಬಂತು. "ಗಂಜಿ ಹಾಕಿದ ಒಂದು ಕಂಬಳಿಯನ್ನೂ ಇನ್ನು ಮೇಲೆ ಪಾಸ್ ಮಾಡೋದಿಲ್ಲ. ಬೇಕಾದರೆ ಮಾಡಿ, ಬೇಡದಿದ್ದರೆ ಬಿಡಿ" ಎಂದೆ. ನನ್ನ ದನಿ ನನಗೇ ಟೇಪು ಸಾಹೇಬರ ದನಿಯಂತೆ ಕೇಳಿಸಿತು. ಆಗ ಅದು ಹೆಮ್ಮೆಯ ವಿಷಯ.

ಬೀರಪ್ಪ ಆಗ ತಲೆಯೆತ್ತಿದ. "ಆಯ್ತು ಬಿಡಿ ಮೇಡಮ್ಮಾರೆ. ಓದಿರೋರು ಹೇಳ್ತೀರಿ, ಮಾಡ್ತೀನಿ" ಎಂದ. ಅವನು ಜಗಳ ಮಾಡಿದ್ದರೆ ನಾನು ಇನ್ನೊಂದು ಸಲ ಯೋಚಿಸುತ್ತಿದ್ದೆನೋ ಏನೋ. ನಂಬಿದವರ ಮುಂದೆ ಯೋಚಿಸುವ ಕಷ್ಟವನ್ನು ನಾವು ತೆಗೆದುಕೊಳ್ಳುವುದಿಲ್ಲ.

ಎರಡು ಮೂರು ವರ್ಷ ಎಲ್ಲ ಚೆನ್ನಾಗಿಯೇ ನಡೆಯಿತು. ಮೆತ್ತನೆಯ ಕಂಬಳಿ ಮಳಿಗೆಯಲ್ಲಿ ಖರ್ಚಾಯಿತು. ಮೇಲಿನಿಂದ ಮೆಚ್ಚುಗೆಯ ಪತ್ರ ಬಂತು, ನನ್ನ ಟಿಪ್ಪಣಿಯನ್ನು ಬೇರೆ ತಾಲ್ಲೂಕುಗಳಿಗೂ ಕಳಿಸಿದರು. ಬೀರಪ್ಪನ ಮನೆಗೆ ಹೆಂಚು ಬಂತು. ಕೆಂಚಮ್ಮ ನನ್ನನ್ನು ಕಂಡರೆ ಮಜ್ಜಿಗೆ ತಂದು ಕೊಡುತ್ತಿದ್ದಳು, ಆದರೆ ಗಾದೆ ಹೇಳುತ್ತಿರಲಿಲ್ಲ. ಒರಳು ಮೂಲೆ ಸೇರಿತು. ಹುಲ್ಲುಬೇರಿನ ಕುಂಚ ಕಟ್ಟಿಕೊಡುತ್ತಿದ್ದ ಪಕ್ಕದ ಹಟ್ಟಿಯ ಮುದುಕ, ಕೇಳುವವರಿಲ್ಲದೆ ಕಟ್ಟುವುದನ್ನು ಬಿಟ್ಟ. ಸಂತೆಗೆ ಬೀರಪ್ಪ ಹೋಗುತ್ತಲೇ ಇರಲಿಲ್ಲ, ನೇಯ್ದದ್ದೆಲ್ಲ ನಮಗೇ ಸಾಲುತ್ತಿರಲಿಲ್ಲ. ಕುರಿಗಾಹಿಗಳು ಬಂದು ಕೇಳಿದರೆ, "ಮುಂದಿನ್ ವರ್ಷ ನೇಯ್ದುಕೊಡ್ತೀನಿ ಕಣ್ರಪ್ಪ" ಎನ್ನುತ್ತಿದ್ದ. ಇದೆಲ್ಲ ನನ್ನ ಕಣ್ಣೆದುರಿಗೇ ನಡೆಯಿತು. ನನ್ನ ನಮೂನೆಯಲ್ಲಿ ಕುಂಚಕ್ಕೆ, ಒರಳಿಗೆ, ಕುರಿಗಾಹಿಗೆ ಕಾಲಂ ಇರಲಿಲ್ಲ.

ಆಮೇಲೆ ಎಲ್ಲಿಂದಲೋ ಗಿರಣಿಯ ಹೊದಿಕೆಗಳು ಬಂದವು. ಹೂವಿನ ಚಿತ್ರ, ಹತ್ತಿಯಷ್ಟು ಹಗುರ, ನಮ್ಮ ಕಂಬಳಿಗಿಂತ ಮೆತ್ತಗೆ. ಮೆತ್ತಗಿರುವುದೇ ಗುಣ ಎಂದು ಗಿರಾಕಿಗೆ ಕಲಿಸಿದವರು ನಾವೇ, ಗಿರಾಕಿ ಅದಕ್ಕಿಂತ ಮೆತ್ತಗಿನದನ್ನು ಹುಡುಕಿಕೊಂಡು ಹೋದ. ಕಂಬಳಿ ಕಳಿಸಬೇಡಿ ಎಂದು ಮಳಿಗೆಯಿಂದ ಒಂದು ಸಾಲಿನ ಕಾಗದ ಬಂತು.

ಅಷ್ಟರಲ್ಲಿ ಬೀರಪ್ಪನ ಮನೆಯಲ್ಲಿ ನೇಯ್ದು, ಒಗೆದು, ಬಾಚಿ ಇಟ್ಟ ಕಂಬಳಿಗಳ ಒಂದು ಅಟ್ಟಿ ಇತ್ತು. ನಾನು ಹೋಗಿ ಸುದ್ದಿ ಹೇಳಿದೆ. ಅವನು ಆ ಅಟ್ಟಿಯ ಕಡೆ ನೋಡಿ, "ಇವನ್ನೇನು ಮಾಡಾನ?" ಎಂದ.

"ಸಂತೆಗೆ ಹಾಕಿ ಬೀರಪ್ಪ. ನಿಮ್ಮ ಹೆಸರಿಗೆ ಕಣ್ಣು ಮುಚ್ಚಿ ಕೊಳ್ತಾರೆ" ಎಂದವಳು ನಾನೇ.

"ಅವ್ರು ನೀರು ಹುಯ್ಯದೆ ಕೊಳ್ಳಕ್ಕಿಲ್ಲ."

"ಇದು ಹಾಸಿಗೆ ಕಂಬಳಿ, ಮಳೆಯದಲ್ಲ ಅಂತ ಮೊದಲೇ ಹೇಳಿಬಿಡಿ. ನಾನೂ ಬರ್ತೀನಿ."

ಹೋದೆ. ಮುಂಗಾರು ಹತ್ತಿರವಿದ್ದುದರಿಂದ ಕುರಿಗಾಹಿಗಳು ಬಹಳ ಜನ ಸೇರಿದ್ದರು. ಬೀರಪ್ಪ ಮೂರು ವರ್ಷದ ಮೇಲೆ ಸಂತೆಗೆ ಬಂದದ್ದು ನೋಡಿ ಎಲ್ಲರೂ ಅವನ ಸುತ್ತ ನೆರೆದರು. ಅವರಲ್ಲಿ ಮೈಲಾರಯ್ಯ ಎಂಬ ಹಿರಿಯ. ಬೀರಪ್ಪನ ತಂದೆಯ ಕಾಲದಿಂದ ಈ ಮನೆಯ ಕಂಬಳಿಯನ್ನೇ ಹೊದ್ದವನು. "ಬಂದ್ಯಾ ಬೀರ" ಎಂದು ನಗುತ್ತ ಬಂದವನು, ಬೀರಪ್ಪ ಬಾಯಿ ತೆರೆಯುವುದರೊಳಗೆ ಮೇಲಿನ ಕಂಬಳಿ ಎಳೆದು ಮೂಲೆಗಳನ್ನು ಮೂವರ ಕೈಗೆ ಕೊಟ್ಟ. ನಾಲ್ಕನೆಯದನ್ನು ಬೀರಪ್ಪನ ಕೈಗೇ ಕೊಟ್ಟ. ಚೊಂಬು ಬಗ್ಗಿಸಿ ನೀರು ಹುಯ್ದ.

ನೀರು ಬಿದ್ದ ಮೇಲೆ ಮಾತಿಲ್ಲ. ಅದು ಕ್ರಮ. ಬೀರಪ್ಪ ಆ ಕ್ರಮದಲ್ಲಿ ಹುಟ್ಟಿ ಬೆಳೆದವನು. ಹಾಸಿಗೆ ಕಂಬಳಿ ಎಂದು ಹೇಳುವ ಹೊತ್ತು ಮೀರಿತ್ತು. ಬೇರೆ ಯಾವ ವ್ಯಾಪಾರಿಯಾದರೂ "ತಡೀರಿ ತಡೀರಿ" ಎಂದು ಕೈ ಹಿಡಿಯುತ್ತಿದ್ದ. ಇವನು ಮೂಲೆ ಹಿಡಿದು ನಿಂತೇ ಇದ್ದ.

ಮೈಲಾರಯ್ಯ ಎಲೆ ತೆಗೆದು ತೊಡೆಗೆ ಒರೆಸಿದ. ಸುಣ್ಣ ಇನ್ನೂ ಹಚ್ಚಿರಲಿಲ್ಲ. ಕಂಬಳಿಯ ತಳದಿಂದ ಮೊದಲ ಹನಿ ಬಿತ್ತು. ಆಮೇಲೆ ಹನಿಗಳು ಕೂಡಿ ಧಾರೆಯಾದವು. ನೀರೆಲ್ಲ ನೆಲಕ್ಕಿಳಿದು ಬೀರಪ್ಪನ ಕಾಲಬೆರಳುಗಳ ಸುತ್ತ ಕೆಸರಾಯಿತು. ಮೈಲಾರಯ್ಯ ಸುಣ್ಣದ ಬೆರಳನ್ನು ಹಾಗೇ ಹಿಡಿದು ನೋಡುತ್ತಿದ್ದ. ಎಲೆಯನ್ನು ಮಡಿಸಲಿಲ್ಲ, ಚೀಲಕ್ಕೆ ಹಾಕಿಕೊಂಡ.

"ನಿಮ್ಮಪ್ಪ ನೇಯ್ದಿದ್ ಕಂಬ್ಳೀಲಿ ನಾನು ನೀರು ಹೊತ್ಕಂಡೋಗಿ ಕುರಿಮರಿಗೆ ಕುಡ್ಸಿವ್ನಿ ಕಣ್ಲಾ ಬೀರ" ಎಂದ. ಬೈಯುವ ದನಿಯಲ್ಲಿ ಹೇಳಲಿಲ್ಲ. ಸಾವಿನ ಮನೆಯಲ್ಲಿ ಮಾತಾಡುವ ದನಿ ಅದು.

ಜನ ಒಬ್ಬೊಬ್ಬರಾಗಿ ಸರಿದರು. ಯಾರೂ ಆಡಿಕೊಳ್ಳಲಿಲ್ಲ, ನಗಲಿಲ್ಲ.

ನಾನು ಮೂರು ಮಾರು ದೂರದಲ್ಲಿ ಚೀಲ ಹಿಡಿದು ನಿಂತಿದ್ದೆ. ಎಲೆಯನ್ನು ಚೀಲಕ್ಕೆ ಹಾಕಿದ ಮೇಲೆ ಮಾತಾಡಲು ಅಡ್ಡಿಯಿರಲಿಲ್ಲ. 'ಇವನ ತಪ್ಪಲ್ಲ, ಗಂಜಿ ಬಿಡಿಸಿದವಳು ನಾನು, ಒಗೆಸಿದವಳು ನಾನು' ಎಂದು ಎರಡು ಮಾತು ಹೇಳಿದ್ದರೆ ಸಾಕಿತ್ತು. ಮೈಲಾರಯ್ಯ ನನ್ನನ್ನು ಉಗಿಯುತ್ತಿದ್ದ, ಅಷ್ಟೇ. ಸರ್ಕಾರದ ಕೆಲಸದವಳು ಸಂತೆಯಲ್ಲಿ ಕುರಿಗಾಹಿಯ ಮುಂದೆ ತಪ್ಪು ಒಪ್ಪಿಕೊಳ್ಳುವುದೇ? ಕಾಲು ಮುಂದೆ ಬರಲಿಲ್ಲ. ಬೀರಪ್ಪ ಒಂದು ಸಲ ನನ್ನ ಕಡೆ ನೋಡಿದ. ನಾನು ಬಸ್ಸು ಬರುವ ದಾರಿ ನೋಡಿದೆ.

ಮುಂದಿನ ಸಂತೆಯ ಹೊತ್ತಿಗೆ ಮಾತು ಎಲ್ಲ ಹಟ್ಟಿಗಳಿಗೂ ಹರಡಿತ್ತು. ಬೀರಪ್ಪನ ಕಂಬಳಿ ಸೋರುತ್ತದೆ. ಅವನು ಗಂಜಿಗೆ ಮರಳಿದ. ಆದರೆ ಕುಂಚ ಕಟ್ಟುವ ಮುದುಕ ಅಷ್ಟರಲ್ಲಿ ತೀರಿಕೊಂಡಿದ್ದ. ತೆಂಗಿನ ನಾರಿನಲ್ಲಿ ತಾನೇ ಒಂದು ಕಟ್ಟಿಕೊಂಡ, ಅದು ನೂಲನ್ನು ಕಿತ್ತು ಹಾಕುತ್ತಿತ್ತು. ಹಾಗೂ ಹೀಗೂ ನಾಲ್ಕು ಕಂಬಳಿ ನೇಯ್ದು ಸಂತೆಗೆ ಒಯ್ದರೆ, ನೀರು ಹುಯ್ದು ನೋಡುವುದಕ್ಕೂ ಯಾರೂ ಬರಲಿಲ್ಲ. ಅವರು ಆಗಲೇ ಪ್ಲಾಸ್ಟಿಕ್ ಹಾಳೆ ಹೊದೆಯುವುದನ್ನು ಕಲಿತಿದ್ದರು. ನನ್ನಿಂದಲೇ ಅವರು ಪ್ಲಾಸ್ಟಿಕ್ ಹಿಡಿದರು ಎನ್ನುವಷ್ಟು ದೊಡ್ಡವಳು ನಾನಲ್ಲ. ಹೇಗೂ ಹಿಡಿಯುತ್ತಿದ್ದರು. ಆದರೆ ಕಂಬಳಿಯ ಕಾಲ ಮುಗಿಯುವಾಗ ಬೀರಪ್ಪನ ಹೆಸರು ಒಳ್ಳೆಯದಾಗಿ ಮುಗಿಯಬಹುದಿತ್ತು. ಅದನ್ನು ಕಿತ್ತುಕೊಂಡದ್ದು ನಾನು.

ಎರಡು ವರ್ಷ ಬಿಟ್ಟು ಹೋದಾಗ ಮಗ್ಗದ ಗುಣಿಯನ್ನು ಮಣ್ಣು ಹಾಕಿ ಮುಚ್ಚಿ ಸಾರಿಸಿದ್ದರು. ಬೀರಪ್ಪ ಬಾಣಾವರದ ಸಾಹುಕಾರರೊಬ್ಬರ ತೋಟದಲ್ಲಿ ಕಾಯಿ ಸುಲಿಯುತ್ತಿದ್ದ. ಅಲ್ಲಿಗೇ ಹುಡುಕಿಕೊಂಡು ಹೋದೆ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಒತ್ತಿ ತಿರುಗಿಸುತ್ತಿದ್ದ ಆ ಕೈಗಳನ್ನು ನೋಡಲಾಗಲಿಲ್ಲ. ನನ್ನ ಚೀಲದಲ್ಲಿ ಹಿರಿಯ ಕುಶಲಕರ್ಮಿಗಳ ಪ್ರಶಸ್ತಿಯ ಅರ್ಜಿ ಇತ್ತು. ಅದನ್ನು ಕೊಡಿಸಿದರೆ ನನ್ನ ಎದೆಯ ಭಾರ ಇಳಿಯುತ್ತದೆ ಎಂದುಕೊಂಡಿದ್ದೆ.

ಅವನು ಕೈ ಒರೆಸಿಕೊಂಡು ಅರ್ಜಿಯನ್ನು ಹಿಡಿದ. ಓದಲು ಬರುತ್ತಿರಲಿಲ್ಲ, ಸುಮ್ಮನೆ ನೋಡಿದ.

"ಇದ್ರಾಗೆ ಏನಂತ ಬರ್ದೈತೆ?"

"ನೀವು ಕಂಬಳಿ ನೇಯೋದರಲ್ಲಿ ನಿಪುಣರು ಅಂತ."

"ಯಾರಿಗ್ ತೋರ್ಸ್ಬೇಕು ಇದ?"

"ಕಮಿಟಿಯವರಿಗೆ."

"ಅವ್ರಿಗಲ್ಲ ಮೇಡಮ್ಮಾರೆ" ಎಂದು ಕಾಗದವನ್ನು ನನ್ನ ಕೈಗೇ ಕೊಟ್ಟ. "ಅವತ್ತು ಸಂತೇಲಿ ಹೇಳ್ಬೇಕಾಗಿತ್ತು ಇದ. ಮೈಲಾರಯ್ಯಂಗೆ."

ಅವನು ನನಗೆ ಹೇಳಿದ ಒಂದೇ ಒಂದು ಬಿರುಸಿನ ಮಾತು ಅದು. ಹೇಳಿ ಮತ್ತೆ ಕಾಯಿ ಎತ್ತಿಕೊಂಡ. ಆಗಲಾದರೂ ನಾನು ಮೈಲಾರಯ್ಯನ ಹಟ್ಟಿಗೆ ಹೋಗಬಹುದಿತ್ತು. ಮಂದೆ ಬೇಲೂರಿನ ಕಡೆ ಹೋಗಿದೆ ಎಂದರು. ಬಂದ ಮೇಲೆ ಹೋದರಾಯಿತು ಎಂದುಕೊಂಡೆ. ಆಮೇಲೆ ವರ್ಷದ ಕೊನೆಯ ವರದಿ ಬಂತು, ಹೊಸ ಅಧಿಕಾರಿ ಬಂದರು, ಮೇಜಿನ ಮೇಲೆ ಕಂಪ್ಯೂಟರ್ ಬಂತು. ಮಾಡಲು ಮನಸ್ಸಿಲ್ಲದ ಕೆಲಸಕ್ಕೆ ಕಚೇರಿ ಯಾವಾಗಲೂ ನೆಪ ಒದಗಿಸುತ್ತದೆ.

ಹೊಸ ಶತಮಾನ ಬಂದ ಕೆಲವು ವರ್ಷಕ್ಕೆ ಬೀರಪ್ಪ ತೀರಿಕೊಂಡ. ಬಾಣಾವರದ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹೇಳಿದರು. ಆ ಮನೆಯ ಪದ್ಧತಿ ನನಗೆ ಗೊತ್ತಿತ್ತು: ನೇಯುವವನು ಸತ್ತರೆ ಅವನೇ ನೇಯ್ದ ಕಂಬಳಿಯಲ್ಲಿ ಸುತ್ತಿ ಮಣ್ಣು ಮಾಡಬೇಕು. ಮಾರದೆ ಉಳಿದವನ್ನೆಲ್ಲ ಸಿಕ್ಕಿದ ಬೆಲೆಗೆ ಕೊಟ್ಟು ಮನೆಯಲ್ಲಿ ಒಂದೂ ಉಳಿದಿಲ್ಲ ಎಂದೂ ಗೊತ್ತಿತ್ತು. ನಮ್ಮ ಉಗ್ರಾಣದ ಬೀರುವಿನಲ್ಲಿ ಮಾದರಿಗೆಂದು ಇಟ್ಟಿದ್ದ ಅವನ ಒಂದು ಕಂಬಳಿ ಇತ್ತು. ಅದನ್ನು ತೆಗೆದುಕೊಂಡು ಆಟೋದಲ್ಲಿ ಹೋದೆ. ದಾರಿಯುದ್ದಕ್ಕೂ, ಇಷ್ಟಾದರೂ ಮಾಡಿದೆನಲ್ಲ ಎಂದು ಸಮಾಧಾನ ಹೇಳಿಕೊಂಡೆ.

ಹೆಣವನ್ನು ಅಂಗಳದಲ್ಲಿ ಕೂರಿಸಿದ್ದರು. ಕೆಂಚಮ್ಮ ಪಕ್ಕದಲ್ಲಿ ಕೂತಿದ್ದಳು. ನಾನು ಕಂಬಳಿಯನ್ನು ಅವಳ ಮುಂದಿಟ್ಟು, "ಬೀರಪ್ಪ ನೇಯ್ದದ್ದು" ಎಂದೆ. ಅವಳು ಅಂಗೈಯಲ್ಲಿ ಸವರಿ ನೋಡಿದಳು. ಮೆತ್ತಗಿತ್ತು, ಅಷ್ಟು ಸಾಕಾಯಿತು ಅವಳಿಗೆ.

"ಇದು ನಿಮ್ದು ಮೇಡಮ್ಮಾರೆ. ಅವ್ರದಲ್ಲ."

ಅಷ್ಟರಲ್ಲಿ ಜನ ದಾರಿ ಬಿಟ್ಟರು. ಮೈಲಾರಯ್ಯ ಕೋಲೂರಿಕೊಂಡು ಬಂದ. ಬಹಳ ಮುದುಕನಾಗಿದ್ದ. ಅವನ ಹೆಗಲ ಮೇಲೆ ಅಲ್ಲಲ್ಲಿ ತೇಪೆ ಹಾಕಿದ, ಅಂಚು ಸವೆದ ಒಂದು ಕರಿಯ ಕಂಬಳಿ. ಹೆಣದ ಮುಂದೆ ನಿಂತು ಅದನ್ನು ತೆಗೆದು ಕೊಡವಿದ.

"ಇವನು ಮಗ್ಗಕ್ ಕೂತ ವರ್ಷ ನೇಯ್ದಿದ್ದು. ಇವತ್ತಿಗೂ ಒಂದ್ ತೊಟ್ಟು ಒಳಿಕ್ಕೆ ಬಿಟ್ಟಿಲ್ಲ" ಎಂದ. ಯಾರಿಗೆಂದು ಹೇಳಲಿಲ್ಲ, ಎಲ್ಲರಿಗೂ ಕೇಳಿಸಿತು. "ಆಮ್ಯಾಕೆ ಯಾಕಂಗ್ ಮಾಡ್ದ್ನೋ ಕಾಣೆ. ಕೇಳಾನ ಅಂದ್ರೆ ಬಾಯೇ ಬರ್ನಿಲ್ಲ ನಂಗೆ."

ಅಷ್ಟು ವರ್ಷವೂ ಬೀರಪ್ಪ ಯಾರ ಮುಂದೆಯೂ ನನ್ನ ಹೆಸರು ಎತ್ತಿರಲಿಲ್ಲ. ಕೆಂಚಮ್ಮ ನನ್ನ ಕಡೆ ನೋಡಿದಳು. ಹೇಳು ಎನ್ನಲೂ ಇಲ್ಲ, ಹೇಳಬೇಡ ಎನ್ನಲೂ ಇಲ್ಲ. ಆ ಅಂಗಳದಲ್ಲಿ ಆ ಮಾತು ಹೇಳಬೇಕಾದವಳು ಒಬ್ಬಳೇ ಇದ್ದಳು. ಹೇಳಿದೆ. ತಡವರಿಸಿ, ಅಳುತ್ತ, ಗಂಜಿಯ ವಿಷಯ, ಸೋಡಾದ ವಿಷಯ, ಪಾಸ್ ಮಾಡೋದಿಲ್ಲ ಎಂದದ್ದು, ಎಲ್ಲ ಹೇಳಿದೆ.

ಮೈಲಾರಯ್ಯ ಕಂಬಳಿಯನ್ನು ಬೀರಪ್ಪನ ಹೆಗಲಿಗೆ ಹೊದಿಸುತ್ತಲೇ ಕೇಳಿಸಿಕೊಂಡ. ಹೊದಿಸಿ ಮುಗಿಸಿ ನನ್ನ ಕಡೆ ತಿರುಗಿದ. "ಇವಾಗ್ ಹೇಳ್ದ್ರೆ ಇವ್ನಿಗ್ ಕೇಳ್ಸ್ತದಾ ತಾಯಿ?" ಎಂದ. ಅಷ್ಟೇ. ಉಗಿಯಲೂ ಇಲ್ಲ.

ಹೊರಡುವಾಗ ಕೆಂಚಮ್ಮ ನಾನು ತಂದ ಕಂಬಳಿಯನ್ನು ಮಡಿಸಿ ನನ್ನ ತೋಳಿನ ಮೇಲೆ ಇಟ್ಟಳು. "ಇಟ್ಕಳಿ. ನಿಮ್ ಕೆಲ್ಸುಕ್ ಹೊಸಬ್ರು ಬತ್ತಾರಲ್ಲ, ಅವ್ರಿಗ್ ತೋರ್ಸಿ. ಇಂಗ್ ಮಾಡುಸ್ಬಾರ್ದು ಅಂತ."

ತೋರಿಸಬೇಕೆಂದೇ ಇಟ್ಟುಕೊಂಡೆ. ನಾನು ನಿವೃತ್ತಳಾಗುವ ಮೊದಲಿನ ವರ್ಷ ಬೇಲೂರಿನಲ್ಲಿ ಹೊಸಬರಿಗೆ ತರಬೇತಿ ನಡೆಯಿತು. ಕೊನೆಯ ದಿನ ಹಿರಿಯರ ಅನುಭವ ಎಂದು ನನ್ನನ್ನು ನಿಲ್ಲಿಸಿದರು. ಮೇಜಿನ ಮೇಲೆ ಆ ಕಂಬಳಿಯನ್ನು ಬಿಚ್ಚಿ ಹಾಸಿದೆ. ಎಲ್ಲಿಂದ ಶುರುಮಾಡಲಿ ಎಂದು ಯೋಚಿಸುತ್ತಿದ್ದಾಗ ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು ಬಂದಳು. ಕಳೆಯಾದ ಮುಖ, ಕೊರಳಲ್ಲಿ ಹೊಸ ಟೇಪು. ಕಂಬಳಿಯ ಅಂಚನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು.

"ಎಷ್ಟು ಮೆತ್ತಗಿದೆ ಮೇಡಂ. ಇಷ್ಟು ಚೆನ್ನಾಗಿರೋದನ್ನ ಯಾಕೆ ನಿಲ್ಲಿಸಿಬಿಟ್ಟರು?"

ಉಳಿದವರೂ ಬಂದು ಒಬ್ಬೊಬ್ಬರಾಗಿ ಕೈಯಾಡಿಸಿದರು. ಎಲ್ಲರೂ ಮೆಚ್ಚಿದರು. ನಾನು ಬಾಯಿ ತೆರೆದೆ. ಊಟಕ್ಕೆ ಹೊತ್ತಾಯಿತು ಎಂದು ಬಾಗಿಲಲ್ಲಿ ಯಾರೋ ಕರೆದರು. "ಹೋಗಿ, ಊಟ ಮಾಡಿ ಬನ್ನಿ" ಎಂದೆ. ಊಟವಾದ ಮೇಲೂ ನಾನು ಹೇಳಲಿಲ್ಲ.